ನಿಂತ ಲಾರಿಯ ಲೆಕ್ಕ

ದಹಿಸರ್ ನಮಗೆಲ್ಲ ಲೋಕಲ್ ಗಾಡಿಯ ಒಂದು ಸ್ಟೇಷನ್ನು. ಲಾರಿಯವರಿಗೆ ಮಾತ್ರ ಅದು ನಾಕಾ. ಅಹಮದಾಬಾದಿನ ಕಡೆಯಿಂದ ಬರುವ ಸರಕಿಗೆ ಮುಂಬಯಿ ಮಹಾನಗರಪಾಲಿಕೆ ಜಕಾತಿ ವಸೂಲು ಮಾಡುತ್ತಿದ್ದುದು ಇಲ್ಲಿಯೇ.

ಇಂಡಿ ತಾಲೂಕಿನ ನನ್ನ ಅಕ್ಕನ ಮಗ ನಾಲ್ಕು ವರ್ಷ ಕ್ಲೀನರನಾಗಿದ್ದು, 2015ರಲ್ಲಿ ಆ ದಾರಿಯ ಲಾರಿಗೆ ಡ್ರೈವರನಾದ. ತಿಂಗಳ ಸಂಬಳವಿಲ್ಲ, ಟ್ರಿಪ್ಪಿಗಿಷ್ಟು. ಹೊಸಬನೆಂದು ಅದೂ ಕಡಿಮೆ. ದಾರಿಯ ಊಟ, ಚಹಾ ಎಲ್ಲ ಅದರಲ್ಲೇ. ನಾಕಾದ ಸಾಲಿನಲ್ಲಿ ರಾತ್ರಿ ಕಳೆದರೆ ಮುಂದಿನ ಟ್ರಿಪ್ಪು ಬೇರೆಯವನ ಪಾಲು. "ಮಾವಾ, ಗಾಲಿ ಉರುಳಿದ್ರ ರೊಕ್ಕ, ನಿಂತ್ರ ಬರೀ ಖರ್ಚು" ಎನ್ನುತ್ತಿದ್ದ. ಊರಲ್ಲಿ ತಂಗಿಯ ಮದುವೆಯ ಸಾಲ ಬೆಳೆಯುತ್ತಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂತು, ಜಕಾತಿ ಹೋಯಿತು. ಕಾಯುವುದು ಹೋಗಲಿಲ್ಲ, ಗೋದಾಮಿನ ಬಾಗಿಲಿಗೆ ವರ್ಗವಾಯಿತು, ಅಷ್ಟೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯೆಂದಿತ್ತು. ಆದರೆ ಸುಮ್ಮನೆ ಹಾಜರಿದ್ದು ಕಾಯುವ ಹೊತ್ತು 15 ನಿಮಿಷಕ್ಕಿಂತ ಕಡಿಮೆಯಿದ್ದರಷ್ಟೇ ದುಡಿಮೆಯ ಎಣಿಕೆಗೆ ಬರುತ್ತಿತ್ತು! ಐದು ಕೆಲಸಗಾರರೂ ಇಲ್ಲದ ಮಾಲೀಕನಿಗಂತೂ ಆ ಕಾಯ್ದೆ ತಾನಾಗಿ ತಟ್ಟುತ್ತಲೇ ಇರಲಿಲ್ಲ. ಇವನ ಮಾಲೀಕನಿಗಿದ್ದದ್ದು ಒಂದೇ ಲಾರಿ.

ಸರಕು ತರಿಸುವ ವ್ಯಾಪಾರಿಗಳು ನಮ್ಮ ಓದುಗರಲ್ಲೂ ಇದ್ದಾರೆ. ತಡವಾದರೆ ತಾವು ಕೊಡುವ ಹಾಲ್ಟಿಂಗ್ ಹಣದಲ್ಲಿ ಡ್ರೈವರನ ಪಾಲೆಷ್ಟೆಂದು ದಯವಿಟ್ಟು ವಿಚಾರಿಸಿ. ಸ್ಟೇರಿಂಗಿಗೆ ತಲೆಯಾನಿಸಿ ಕಾಯುವವನೂ ದುಡಿಯುತ್ತಿರುತ್ತಾನೆ.