ಅಂಗೈಯ ಯಂತ್ರವೂ ಮಾತಿನ ಸಂಕೇತವೂ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಂಕೇತದಿಂದ ಏರ್ಪಟ್ಟುದೆಂದು ನೈಯಾಯಿಕರು ಪ್ರತಿಪಾದಿಸಿದ್ದಾರೆ. ಹೇಳುವವನಿಗೂ ಕೇಳುವವನಿಗೂ ಸಮಾನವಾದ ಒಡಂಬಡಿಕೆ ಇಲ್ಲದಿದ್ದರೆ ಮಾತು ಕೇವಲ ಸದ್ದಾಗಿ ಉಳಿಯುತ್ತದೆ. ಶಾಸ್ತ್ರದ ಈ ಗಹನ ವಿಚಾರವನ್ನು ಎಳೆಯರು ಆಡುತ್ತಾಡುತ್ತಲೇ ಅರಿಯುವಂತೆ ಮಾಡುವ ಉಪಕರಣವೊಂದು ಬ್ರಿಟನ್ನಿನಲ್ಲಿ ರೂಪುಗೊಂಡಿದೆ. ಅದರ ಹೆಸರು ಮೈಕ್ರೋಬಿಟ್.

ಬಿ.ಬಿ.ಸಿ. ಸಂಸ್ಥೆಯು ಅನೇಕರ ಸಹಯೋಗದಿಂದ ಸಿದ್ಧಪಡಿಸಿದ ಈ ಪುಟ್ಟ ಗಣಕಯಂತ್ರವನ್ನು 2016ರಲ್ಲಿ ಆ ದೇಶದ 11-12 ವರ್ಷ ವಯಸ್ಸಿನ ಸುಮಾರು 10 ಲಕ್ಷ ವಿದ್ಯಾರ್ಥಿಗಳಿಗೆ ಉಚಿತವಾಗಿ ನೀಡಲಾಯಿತು. ಉದ್ದ 5 ಸೆಂ.ಮೀ., ಅಗಲ 4 ಸೆಂ.ಮೀ. ಅದರಲ್ಲಿ 25 ಕೆಂಪು ದೀಪಬಿಂದುಗಳು, ಒತ್ತುವ ಗುಂಡಿಗಳೆರಡು, ಅಲುಗಾಟವನ್ನು ಅರಿಯುವ ಸಾಧನ, ತಂತಿಯಿಲ್ಲದೆ ಸಂದೇಶ ಕಳುಹಿಸುವ ರೇಡಿಯೋ, ಇವೆಲ್ಲ ಅಡಕವಾಗಿವೆ. ದೊಡ್ಡ ಗಣಕದ ಪರದೆಯ ಮೇಲೆ ಬಣ್ಣದ ತುಂಡುಗಳಂತೆ ತೋರುವ ಆಜ್ಞೆಗಳನ್ನು ಒಂದಕ್ಕೊಂದು ಜೋಡಿಸಿ ಮಕ್ಕಳು ಇದಕ್ಕೆ ಕೆಲಸ ಕಲಿಸುತ್ತಾರೆ.

ಮೊದಲ ಪಾಠಗಳಲ್ಲೊಂದು ಬಾತುಕೋಳಿಯ ಆಟ. ಒಂದು ಯಂತ್ರದ ದೀಪಗಳಲ್ಲಿ ಬಾತುಕೋಳಿಯ ಚಿತ್ರ ಬೆಳಗುತ್ತಿರುತ್ತದೆ. ಅದನ್ನು ಕುಲುಕಿದೊಡನೆ ಚಿತ್ರವು ಅಲ್ಲಿ ಅಳಿದು ಗೆಳೆಯನ ಯಂತ್ರದಲ್ಲಿ ಮೂಡುತ್ತದೆ. ವಾಸ್ತವವಾಗಿ ಗಾಳಿಯಲ್ಲಿ ಸಾಗಿದುದು ಒಂದು ಅಂಕಿ ಮಾತ್ರ. ಆ ಅಂಕಿ ಬಂದಾಗ ಬಾತುಕೋಳಿಯನ್ನು ತೋರಬೇಕೆಂದು ಎರಡೂ ಯಂತ್ರಗಳಿಗೆ ಮೊದಲೇ ತಿಳಿಸಿರಲಾಗುತ್ತದೆ. ಇದೇ ಸಂಕೇತ. ಕಳುಹಿಸಿದ ಬಳಿಕ ಚಿತ್ರವನ್ನು ಅಳಿಸುವ ಆಜ್ಞೆ ಬಿಟ್ಟುಹೋದರೆ ಬಾತುಕೋಳಿ ಎರಡಾಗುತ್ತದೆ; ತಪ್ಪು ಎಲ್ಲಿದೆಯೆಂದು ಮಕ್ಕಳೇ ಹುಡುಕತೊಡಗುತ್ತಾರೆ.

ಮಾತಾಡುವ ಯಂತ್ರಗಳು 0ಯಿಂದ 255ರವರೆಗಿನ ಒಂದೇ ಗುಂಪುಸಂಖ್ಯೆಯನ್ನು ಹೊಂದಿರಬೇಕು. ಸಂಖ್ಯೆಗಳು ಬೇರೆಯಾದರೆ ಇಬ್ಬರೂ ನುಡಿಯುತ್ತಾರೆ, ಒಬ್ಬರಿಗೂ ಕೇಳಿಸದು. ಮೂರನೆಯವನು ಅದೇ ಸಂಖ್ಯೆಯನ್ನಿಟ್ಟರೆ ಬಾತುಕೋಳಿ ಅವನಲ್ಲಿಗೂ ಬರುತ್ತದೆ. ಗುಂಪುಸಂಖ್ಯೆ ಬೀಗವಲ್ಲ, ಬಯಲಿನಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯದೆಂಬ ಎಚ್ಚರವನ್ನು ಮಗು ಇಲ್ಲಿಯೇ ಪಡೆಯುತ್ತದೆ.

ಮಿಂಚುಹುಳುಗಳ ಆಟವಂತೂ ಇನ್ನೂ ಸೊಗಸಾದುದು. ತರಗತಿಯ ಯಂತ್ರಗಳೆಲ್ಲ ತಮತಮಗೆ ತೋಚಿದಂತೆ ಮಿನುಗತೊಡಗುತ್ತವೆ. ಪ್ರತಿಯೊಂದೂ ನೆರೆಯದರ ಸಂದೇಶವನ್ನು ಕೇಳಿದಾಗ ತನ್ನ ಗಡಿಯಾರವನ್ನು ತುಸು ಮುಂದೆ ಸರಿಸಿಕೊಳ್ಳುತ್ತದೆ. ನಾಯಕನಿಲ್ಲದೆಯೇ ಕೆಲ ಹೊತ್ತಿನಲ್ಲಿ ಎಲ್ಲವೂ ಒಟ್ಟಿಗೆ ಮಿನುಗುತ್ತವೆ.

ಈ ಯಂತ್ರದ ಸಂದೇಶವು ದಾರಿಯಲ್ಲಿ ಕಳೆದುಹೋದರೂ ಕಳುಹಿಸಿದವನಿಗೆ ಅದು ತಿಳಿಯದು. ತಿಳಿಯಬೇಕಾದರೆ ಮರುತ್ತರ ಕೊಡುವ ಆಜ್ಞೆಯನ್ನು ಕೇಳುವ ಯಂತ್ರದಲ್ಲಿಯೂ ಬರೆದಿರಬೇಕು. ಶಾಲೆಯ ಬೋಧನೆಗೂ ಈ ನಿಯಮವೇ ಅನ್ವಯಿಸುತ್ತದೆ. ಉಪಾಧ್ಯಾಯರು ಹೇಳಿದ ಮಾತ್ರಕ್ಕೆ ಪಾಠ ಮುಗಿಯದು. ಮಗುವಿನಿಂದ ಮರುತ್ತರ ಬಂದಾಗಲೇ ಅದು ತಲುಪಿತೆಂದು ತಿಳಿಯಬೇಕು.