ಬೆಳಕಿಂಡಿ

ಪಕ್ಕದ ಮನೆಯ ಒನಕೆಯ ಸದ್ದು ಕಿವಿಗೆ ಬೀಳುತ್ತಿದ್ದರೆ, ಒಂಟಿಯಾಗಿ ಭತ್ತ ಕುಟ್ಟುವವಳಿಗೂ ತೋಳಿನ ಆಯಾಸ ಅಷ್ಟಾಗಿ ತೋರುವುದಿಲ್ಲ. ಆ ಸದ್ದು ಅವಳಿಗೆ ಯಾವ ಸಮಾಚಾರವನ್ನೂ ತಿಳಿಸದು. ಅವಳ ಕೆಲಸದಲ್ಲಿ ಪಾಲುಗೊಳ್ಳದು. ‘ನಾನೂ ಇಲ್ಲಿದ್ದೇನೆ’ ಎಂಬಷ್ಟನ್ನೇ ಅದು ಹೇಳುವುದು. ಮನುಷ್ಯನಿಗೆ ಅನೇಕ ವೇಳೆ ಬೇಕಾದುದೂ ಅಷ್ಟೇ.

ಈ ಭಾಗ್ಯವನ್ನು ಯಂತ್ರದಿಂದ ಪಡೆಯುವ ಯತ್ನದ ಆರಂಭ ವಿನೋದಕರವಾದುದು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಕಶಾಲೆಯವರು ಕಾಫಿಯ ಪಾತ್ರೆಯೊಂದರ ಮುಂದೆ ಕ್ಯಾಮೆರಾವನ್ನು ನಿಲ್ಲಿಸಿದರು. ಬೇರೆ ಅಂತಸ್ತುಗಳಲ್ಲಿದ್ದವರು ನಡೆದುಬಂದು, ಬರಿದಾದ ಪಾತ್ರೆಯನ್ನು ಕಂಡು ಹಿಂದಿರುಗುವ ಕಷ್ಟ ತಪ್ಪಲೆಂಬುದೇ ಅದರ ಉದ್ದೇಶ. 1993ರಲ್ಲಿ ಆ ಚಿತ್ರ ಅಂತರಜಾಲಕ್ಕೂ ಏರಿತು. 2001ರವರೆಗೆ ದೇಶದೇಶಗಳ ಜನ ಅದನ್ನು ನೋಡಿದರು. ಆ ಕಾಫಿಯ ಒಂದು ಗುಟುಕೂ ದೊರೆಯದವರು ಅದನ್ನೇಕೆ ನೋಡಬೇಕಾಗಿತ್ತು? ಬರಿದಾದರೆ ಯಾರೋ ಕುಡಿದರು, ತುಂಬಿದರೆ ಯಾರೋ ಕಾಸಿದರು. ಪಾತ್ರೆಯ ಹಿಂದೆ ಮನುಷ್ಯರಿದ್ದರು.

ಇದಕ್ಕಿಂತ ಗಂಭೀರವಾದುದು ಜೆರಾಕ್ಸ್ ಸಂಸ್ಥೆಯ ಸಂಶೋಧಕರ ಪ್ರಯೋಗ. ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ, ಇಂಗ್ಲೆಂಡಿನ ಕೇಂಬ್ರಿಜ್ ಎಂಬ ಎರಡು ಊರುಗಳ ತಮ್ಮ ಕಚೇರಿಗಳನ್ನು ಅವರು ‘ಪೋರ್ಟ್‌ಹೋಲ್ಸ್’ ಎಂಬ ಏರ್ಪಾಡಿನಿಂದ ಜೋಡಿಸಿ, 1992ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದರು. ಹಡಗಿನ ಗವಾಕ್ಷವೆಂದು ಆ ಹೆಸರಿನ ಅರ್ಥ. ಕೆಲವು ನಿಮಿಷಗಳಿಗೊಮ್ಮೆ ಬದಲಾಗುವ ಸಣ್ಣ, ಮಸುಕಾದ ಚಿತ್ರಗಳಷ್ಟೇ ಅದರಲ್ಲಿದ್ದುವು. ಮೇಜಿನ ಮುಂದೆ ಯಾರಿದ್ದಾರೆ, ಯಾರಿಲ್ಲವೆಂಬುದು ಸಾಗರದಾಚೆಯವರಿಗೆ ತಿಳಿಯುತ್ತಿತ್ತು.

2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ದೆಸೆಯಿಂದ ಬಾಗಿಲುಗಳೆಲ್ಲ ಮುಚ್ಚಿದಾಗ, ಬೆಂಗಳೂರಿನ ಕಚೇರಿಯೊಂದರ ಮೂವರು ತರುಣರು ಮೂರು ಕಡೆ ಉಳಿದರು: ಒಬ್ಬನು ಮಲೆನಾಡಿನ ಮನೆಯ ಅಟ್ಟದಲ್ಲಿ, ಒಬ್ಬನು ಹುಬ್ಬಳ್ಳಿಯಲ್ಲಿ, ಮೂರನೆಯವನು ಬೆಂಗಳೂರಿನ ಬಾಡಿಗೆಯ ಕೋಣೆಯಲ್ಲಿ ಒಂಟಿಯಾಗಿ. ಕಚೇರಿಯ ಸಭೆಗಳು ತೆರೆಯ ಮೇಲೆ ನಡೆಯುತ್ತಿದ್ದುವು. ಅವುಗಳಿಂದ ಬೇಸರವೇ ಹೆಚ್ಚಿತು. ಕ್ಯಾಮೆರಾ ತೆರೆಯ ಮೇಲಂಚಿನಲ್ಲಿರುವುದರಿಂದ, ಎದುರಿನವನ ಮುಖ ನೋಡಿದರೆ ತಾನು ಕೆಳಗೆ ನೋಡಿದಂತೆ ಅವನಿಗೆ ಕಾಣುವುದು. ಕಣ್ಣಿಗೆ ಕಣ್ಣು ಕೂಡುವುದೇ ಇಲ್ಲ. ಮೂಲೆಯಲ್ಲಿ ತನ್ನ ಮುಖವೇ ತನ್ನನ್ನು ದಿಟ್ಟಿಸುತ್ತಿರುವುದು ಬೇರೆ.

ಒಂದು ದಿನ ಸಭೆ ಮುಗಿದ ಮೇಲೂ ಮೂವರೂ ಕ್ಯಾಮೆರಾಗಳನ್ನು ಆರಿಸಲಿಲ್ಲ. ಧ್ವನಿಯನ್ನು ನಿಲ್ಲಿಸಿ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದರು. ಅಂದಿನಿಂದ ಅದೇ ರೂಢಿಯಾಯಿತು. ಹುಬ್ಬಳ್ಳಿಯವನ ತಾಯಿ ಚಹ ತಂದಿಟ್ಟು ಹೋಗುವಳು. ಅಟ್ಟದ ಕಿಟಕಿಯಾಚೆ ಮಳೆ ಹಿಡಿಯುವುದು. ಯಾರೂ ಮಾತನಾಡಬೇಕಾದುದಿಲ್ಲ. ಒಂಟಿಯಾಗಿದ್ದವನು ಅವರನ್ನು ನೋಡಿಯೇ ತನ್ನ ಊಟದ ಹೊತ್ತನ್ನು ಅರಿಯುತ್ತಿದ್ದನು.

2021ರ ಬೇಸಗೆಯಲ್ಲಿ ವ್ಯಾಧಿ ಮತ್ತೆ ಹಬ್ಬಿತು. ಅವನಿಗೂ ಜ್ವರ ಬಂದಿತು. ಹತ್ತಿರ ಹೋಗುವವರು ಯಾರೂ ಇರಲಿಲ್ಲ. ಅವನು ಕ್ಯಾಮೆರಾವನ್ನು ಮಂಚದ ಕಡೆಗೆ ತಿರುಗಿಸಿದನು. ಗೆಳೆಯರಿಬ್ಬರೂ ಸರದಿಯಂತೆ ರಾತ್ರಿಯೆಲ್ಲ ಎಚ್ಚರವಾಗಿದ್ದರು. ಒಂದು ಲೋಟ ನೀರನ್ನು ಕೊಡಲಾರದ ನೋಟವದು. ಆ ಕೊರತೆಯನ್ನು ಅವರು ಆ ರಾತ್ರಿಗಳಲ್ಲಿ ಚೆನ್ನಾಗಿ ಅರಿತರು. ಆದರೂ ನಡುರಾತ್ರಿ ಕಣ್ಣು ತೆರೆದಾಗಲೆಲ್ಲ ರೋಗಿಗೆ ಎಲ್ಲಿಯೋ ಒಂದು ದೀಪ ಕಾಣುತ್ತಿತ್ತು. ಅವನು ಗುಣಹೊಂದಿದನು.

ನೌಕರರು ದುಡಿಯುವರೋ ಇಲ್ಲವೋ ಎಂದು ನೋಡಲು ಇದೇ ಕ್ಯಾಮೆರಾವನ್ನು ಇರಿಸುವ ಯಜಮಾನರೂ ಉಂಟು. ಯಂತ್ರ ಒಂದೇ, ಅಲ್ಲಿ ಅದು ಕಾವಲು, ಇಲ್ಲಿ ಜೊತೆ. ತಾನಾಗಿ ತೆರೆದ ಕಿಂಡಿಯಿಂದಲೇ ಬೆಳಕು ಬರುವುದು.

ಮೂವರೂ ಬಹುಕಾಲದ ಮೇಲೆ ಬೆಂಗಳೂರಿನಲ್ಲಿ ಎದುರುಬದುರಾದಾಗ ಮೊದಲಿಗೆ ಮಾತೇ ಹೊರಡಲಿಲ್ಲ. ಒಂದೇ ಮೇಜಿನ ಸುತ್ತ ಕಾಫಿ ಕುಡಿಯುತ್ತ ಸುಮ್ಮನೆ ಕುಳಿತರು. ಆ ಮೌನ ಅವರಿಗೆ ಹೊಸದಾಗಿರಲಿಲ್ಲ.