ಆದವಾನಿಯ ಕೋಟೆ ಮತ್ತು ಫಿರಂಗಿ

ಹತ್ತಿ ವ್ಯಾಪಾರಕ್ಕೆಂದು ಆದವಾನಿಗೆ ಹೋಗುವ ನಮ್ಮವರು ಬೆಟ್ಟದ ಕೋಟೆಯನ್ನೂ ಏರಿ ನೋಡಬೇಕು. ಬಂಡೆಯಲ್ಲಿ ಕೊರೆದ ತೀರ್ಥಂಕರರ ಬಿಂಬಗಳ ದರ್ಶನವಾಗುತ್ತದೆ. 1786ರಲ್ಲಿ ಟಿಪ್ಪು ಸುಲ್ತಾನನು ಈ ಕೋಟೆಯನ್ನು ಗೆದ್ದು, ಗೋಡೆಗಳನ್ನು ಕೆಡವಿಸಿ, ಫಿರಂಗಿಗಳನ್ನು ಬೇರೆಡೆಗೆ ಸಾಗಿಸಿದನು.

ದೊಡ್ಡ ಫಿರಂಗಿ ನೋಡಲು ವಿಜಾಪುರಕ್ಕೆ ಹೋಗಬೇಕು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ಅಲ್ಲಿದೆ. ಅದು ಕಂಚಿನದು, ತುಕ್ಕು ಹಿಡಿಯದು. ಕಬ್ಬಿಣದ ಫಿರಂಗಿಯಾದರೆ ಉಪ್ಪಿನಂಶ ತೊಳೆದು, ಸಡಿಲವಾದ ತುಕ್ಕು ತೆಗೆದು, ಚೆನ್ನಾಗಿ ಒಣಗಿಸಿ ಮೇಣ ಸವರಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಒಳಗೊಳಗೇ ತಿನ್ನುತ್ತದೆ.

ಅಹಿಂಸೆಯವರಿಗೆ ಫಿರಂಗಿಯ ಚಿಂತೆ ಏಕೆ? ನಷ್ಟ ಬರೆದ ಪುಟವನ್ನು ಖಾತೆಯಿಂದ ಹರಿಯುವ ವರ್ತಕನುಂಟೇ? ಹಿಂಸೆಯ ಲೆಕ್ಕವೂ ಮಕ್ಕಳ ಕಣ್ಣಿಗೆ ಬೀಳಲಿ. ಬೆಟ್ಟದ ಬಿಂಬಗಳ ಮೇಲೂ ಬಣ್ಣ ಬಳಿಯದೆ, ಹೆಸರು ಗೀಚದೆ ಕಾಪಾಡೋಣ.